ದಸರಾ ರಜೆ ಮುಗಿಸಿ ಬರುವ ಮೇಷ್ಟ್ರುಗಳಿಗೆ

ಶಾಲೆ ಮತ್ತೆ ಶುರುವಾಗಿದೆ. ವಿಜ್ಞಾನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಕಾಲ ನನಗೆ ಗೊತ್ತಿಲ್ಲ. ಮಳೆ ತಗ್ಗಿದೆ, ಬೆಳಗ್ಗೆ ಇಬ್ಬನಿ ಇದೆ, ಬೇಲಿಯಲ್ಲೇ ಅರ್ಧ ಪಾಠ ಸಿಗುತ್ತದೆ.

ಈ ಸಲ ನನಗೆ ತುಂಬಾ ಇಷ್ಟವಾಗಿದ್ದು ಸಹಿ ಜೇಡ. ಲಂಟಾನ ಪೊದೆಗಳ ನಡುವೆ ಹುಡುಕಿ. ಬಲೆಯ ಮಧ್ಯದಲ್ಲಿ ಬಿಳಿ ಅಂಕುಡೊಂಕು ಎಳೆಗಳಿಂದ ಗುಣಾಕಾರ ಚಿಹ್ನೆ ಹಾಕಿರುತ್ತದೆ. ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಅದರ ಮೇಲೆಯೇ ಕೂತಿರುತ್ತದೆ. ಅಷ್ಟು ದೊಡ್ಡದಾಗಿ ಕಾಣುವುದು ಹೆಣ್ಣು. ಗಂಡು ತೀರಾ ಪುಟ್ಟದು, ಬಲೆಯ ಅಂಚಿನಲ್ಲಿ ಹುಡುಕಬೇಕು. ಆ ಚಿಹ್ನೆ ಯಾಕೆ? ಹುಳುಗಳನ್ನು ಸೆಳೆಯಲು ಎನ್ನುವವರಿದ್ದಾರೆ, ಹಕ್ಕಿಗಳು ಬಲೆಗೆ ನುಗ್ಗದಿರಲಿ ಅಂತ ಎನ್ನುವವರೂ ಇದ್ದಾರೆ. ವಿಜ್ಞಾನಿಗಳಲ್ಲೇ ಇನ್ನೂ ಒಮ್ಮತವಿಲ್ಲ. ಮಕ್ಕಳಿಗೆ ಇದನ್ನು ಹಾಗೇ ಹೇಳಿಬಿಡಿ, ಅವರ ಪ್ರಶ್ನೆಗಳು ನಿಲ್ಲುವುದೇ ಇಲ್ಲ!

ಹೊಲದ ಕಡೆ ಹೋದರೆ ಹುಚ್ಚೆಳ್ಳು ಹೂವು ನೋಡಿ. ಹಳದಿ ಹೂವಿನ ಮೇಲೆ ಜೇನುಹುಳು ಜಾಸ್ತಿ. ಪರಾಗಸ್ಪರ್ಶ ಕಲಿಸಲು ಬೋರ್ಡೇ ಬೇಡ.

ಹಳ್ಳದ ಬದಿಯಲ್ಲಿ ಬಾಲ ಕುಣಿಸುವ ಬೂದು ಸಿಪಿಲೆ ಹಕ್ಕಿ ಹಿಮಾಲಯದ ಕಡೆಯಿಂದ ಬಂದಾಗಿದೆ. ಕೂಗು ಗುರುತಿಸಲು ಮರ್ಲಿನ್ ಆ್ಯಪ್ ಹಾಕಿಕೊಳ್ಳಿ, ಉಚಿತ. ಗದಗದ ಕಡೆಯವರಾದರೆ ನವೆಂಬರ್ ನಂತರ ಮಾಗಡಿ ಕೆರೆ ತಪ್ಪಿಸಬೇಡಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ.

ಮತ್ತೆ ಸೀತಾಫಲ. ತಿಂದ ಮೇಲೆ ಬೀಜ ಎಸೆಯಬೇಡಿ, ಮಕ್ಕಳಿಂದ ಬಿತ್ತಿಸಿ. ಮೊಳಕೆಗೆ ಕೆಲವು ವಾರ ಕಾಯಬೇಕು. ಕಾಯುವುದೂ ಪಾಠವೇ ಅಲ್ವಾ? ನಿಮ್ಮ ಊರಿನ ಬೇಲಿಯಲ್ಲಿ ಈಗ ಏನಿದೆ, ಹೇಳಿ.