ಎರಡು ಲ್ಯಾಪ್‌ಟಾಪ್, ಒಂದೇ ಫೈಲು

ಅಕ್ಕನಿಗೆ ಅಂತ ಒಂದು ಹಳೇ ಲ್ಯಾಪ್‌ಟಾಪ್ ತಗೊಂಡು ಹೋದ ತಿಂಗಳು ಶಿವಮೊಗ್ಗಕ್ಕೆ ಹೋಗಿದ್ದೆ. ಅವಳು ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡ್ತಾಳೆ, ಪ್ರಶ್ನೆಪತ್ರಿಕೆ ಎಲ್ಲಾ ತಾನೇ ಟೈಪ್ ಮಾಡೋದು. ಪೆನ್‌ಡ್ರೈವಿಂದ ನಿಕ್ಸ್‌ಓಎಸ್ ಅನ್ನೋ ಲಿನಕ್ಸ್ ಹಾಕಿ, ನನ್ನ ಲ್ಯಾಪ್‌ಟಾಪಿನ ಕಾನ್ಫಿಗರೇಶನ್ ಫೈಲನ್ನ ಅದಕ್ಕೆ ಕಾಪಿ ಮಾಡಿ, ಒಂದು ಕಮಾಂಡ್ ಕೊಟ್ಟು ಊಟಕ್ಕೆ ಕೂತೆ. ಊಟ ಮುಗಿಸಿ ಬರೋ ಹೊತ್ತಿಗೆ ಗುಬ್ಬಿ ಫಾಂಟು, ಕಗಪ ಕೀಬೋರ್ಡು, ಲಿಬ್ರೆ ಆಫೀಸು, ಫೈರ್‌ಫಾಕ್ಸು ಎಲ್ಲಾ ರೆಡಿ ಇತ್ತು. ಅಕ್ಕ ಎ, ಕೆ, ಎಫ್, ಕೆ ಅಂತ ನಾಲ್ಕು ಕೀ ಒತ್ತಿದಳು, ಸ್ಕ್ರೀನ್ ಮೇಲೆ 'ಅಕ್ಕ' ಅಂತ ಮೂಡ್ತು. ನನಗೆ ಎಷ್ಟು ಖುಷಿ ಆಯ್ತು ಅಂದ್ರೆ ಆವತ್ತೇ ರಾತ್ರಿ ಇದನ್ನ ಬರೀಬೇಕು ಅನ್ಕೊಂಡೆ, ಈಗ ಟೈಮ್ ಸಿಕ್ತು.

ಯಾಕೆ ಅಷ್ಟು ಖುಷಿ ಅಂತ ಹೇಳ್ತೀನಿ. ಲಿನಕ್ಸಲ್ಲಿ ಕನ್ನಡ ಸೆಟಪ್ ಮಾಡೋದು ಕಷ್ಟ ಏನಲ್ಲ, ಆದ್ರೆ ಮಾಡಿದ್ದು ನೆನಪಿರಲ್ಲ. ಹೊಸ ಮಷೀನ್ ಬಂದಾಗಲೆಲ್ಲ ಯಾವ ಪ್ಯಾಕೇಜ್ ಹಾಕಿದ್ದೆ, ಕನ್ನಡ ಟೈಪಿಂಗಿಗೆ ಐಬಸ್ಸಾ ಎಫ್‌ಸಿಐಟಿಎಕ್ಸಾ, ಒತ್ತಕ್ಷರ ಸರಿಯಾಗಿ ಬರೋಕೆ ಯಾವ ಫಾಂಟ್ ಮುಂದೆ ಇಟ್ಟಿದ್ದೆ ಅಂತ ಮತ್ತೆ ಮೊದಲಿಂದ ಹುಡುಕಬೇಕು. ಬೇರೆ ಡಿಸ್ಟ್ರೋಗಳಲ್ಲಿ, ಅಂದ್ರೆ ಲಿನಕ್ಸಿನ ಬೇರೆ ಬಗೆಗಳಲ್ಲಿ, ನಾವು ಇವತ್ತೊಂದು ಇನ್‌ಸ್ಟಾಲ್ ಮಾಡ್ತೀವಿ, ನಾಳೆ ಸೆಟ್ಟಿಂಗ್ ಫೈಲುಗಳಿರೋ ಇಟಿಸಿ ಫೋಲ್ಡರ್ ಒಳಗೆ ಹೋಗಿ ಏನೋ ಒಂದು ಲೈನ್ ತಿದ್ದುತೀವಿ, ಎರಡು ವರ್ಷ ಆದ್ಮೇಲೆ ಆ ಮಷೀನ್ ಯಾಕೆ ಹಾಗಿದೆ ಅಂತ ಕೇಳಿದ್ರೆ ನಮಗೇ ಗೊತ್ತಿರಲ್ಲ.

ನಿಕ್ಸ್‌ಓಎಸ್‌ನಲ್ಲಿ ಇದೆಲ್ಲ ಒಂದು ಕಡೆ ಬರೆದಿಡೋದು. ಇಟಿಸಿ ಫೋಲ್ಡರಲ್ಲಿ ನಿಕ್ಸ್‌ಓಎಸ್ ಅಂತ ಒಂದು ಫೋಲ್ಡರ್, ಅದರಲ್ಲಿ ಕಾನ್ಫಿಗರೇಶನ್ ಡಾಟ್ ನಿಕ್ಸ್ ಅಂತ ಫೈಲು. ಟೈಮ್‌ಝೋನ್, ಯೂಸರ್‌ಗಳು, ಫೈರ್‌ವಾಲ್, ಡೆಸ್ಕ್‌ಟಾಪ್, ಪ್ಯಾಕೇಜ್ ಪಟ್ಟಿ, ಹೀಗೆ ಮಷೀನ್ ಹೆಂಗಿರಬೇಕೋ ಹಂಗೆ ಅದರಲ್ಲಿ ಬರೀತೀವಿ, ನಿಕ್ಸ್‌ಓಎಸ್-ರಿಬಿಲ್ಡ್ ಸ್ವಿಚ್ ಅಂತ ಕೊಟ್ರೆ ಸಿಸ್ಟಂ ಅದೇ ಥರ ತಯಾರಾಗತ್ತೆ. ಲೈನ್ ಅಳಿಸಿ ಮತ್ತೆ ರಿಬಿಲ್ಡ್ ಮಾಡಿದ್ರೆ ಆ ಸಾಫ್ಟ್‌ವೇರ್ ಸಿಸ್ಟಮ್ಮಿಂದ ಹೋಗತ್ತೆ, ಅದು ತಂದ ಸರ್ವೀಸು, ಸೆಟ್ಟಿಂಗು ಎಲ್ಲಾ ಅದರ ಜೊತೆಗೇ ಹೋಗತ್ತೆ. ಒಂದೇ ವಿಷಯ, ಪಕ್ಕದಲ್ಲಿರೋ ಹಾರ್ಡ್‌ವೇರ್-ಕಾನ್ಫಿಗರೇಶನ್ ಫೈಲನ್ನ ಮಾತ್ರ ಕಾಪಿ ಮಾಡ್ಬೇಡಿ, ಅದು ಆ ಮಷೀನಿನ ಡಿಸ್ಕಿಗೆ ಅಂತಲೇ ಇನ್‌ಸ್ಟಾಲರ್ ಬರೆದಿರೋದು.

ಒಳಗೆ ಹೆಂಗೆ ಕೆಲಸ ಮಾಡತ್ತೆ ಅನ್ನೋದು ನನಗೆ ತುಂಬಾ ಇಷ್ಟ. ಎಲ್ಕೋ ಡೋಲ್ಸ್ಟ್ರಾ ಅನ್ನೋರು ನೆದರ್ಲೆಂಡ್ಸಿನ ಉಟ್ರೆಕ್ಟ್ ಯೂನಿವರ್ಸಿಟಿಯಲ್ಲಿ 2003ರಲ್ಲಿ ಇದರ ಬುಡದಲ್ಲಿರೋ ನಿಕ್ಸ್ ಅನ್ನೋ ಪ್ಯಾಕೇಜ್ ಮ್ಯಾನೇಜರ್ ಶುರು ಮಾಡಿದ್ದು, 2006ರ ಅವರ ಪಿಎಚ್‌ಡಿ ಪ್ರಬಂಧವೂ ಇದರ ಮೇಲೇನೇ. ಪ್ರತಿ ಪ್ಯಾಕೇಜೂ ನಿಕ್ಸ್ ಸ್ಟೋರ್ ಅನ್ನೋ ಫೋಲ್ಡರಲ್ಲಿ ತನ್ನದೇ ಜಾಗದಲ್ಲಿ ಕೂರತ್ತೆ, ಹೆಸರಿನ ಮುಂದೆ 32 ಅಕ್ಷರದ ಒಂದು ಹ್ಯಾಶ್, ಅಂದ್ರೆ ಲೆಕ್ಕ ಹಾಕಿ ತೆಗೆದ ಗುರುತು, ಇರತ್ತೆ. ಆ ಹ್ಯಾಶ್ ಬರೋದು ಪ್ಯಾಕೇಜ್ ಕಟ್ಟೋಕೆ ಏನೇನು ಬಳಸಿದಾರೋ ಅದೆಲ್ಲದರಿಂದ, ಅಂದ್ರೆ ಸೋರ್ಸು, ಕಂಪೈಲರು, ಲೈಬ್ರರಿ, ಬಿಲ್ಡ್ ಆಪ್ಷನ್ನು, ಇದರಲ್ಲಿ ಒಂದು ಬದಲಾದ್ರೂ ಹ್ಯಾಶ್ ಬೇರೆ, ಜಾಗ ಬೇರೆ. ಹಂಗಾಗಿ ಒಂದೇ ಲೈಬ್ರರಿಯ ಎರಡು ವರ್ಷನ್ ಜಗಳ ಇಲ್ದೆ ಅಕ್ಕಪಕ್ಕ ಇರ್ತವೆ, ಹೊಸದು ಬಂದಾಗ ಹಳೇದರ ಮೇಲೆ ಬರೆಯೋದೇ ಇಲ್ಲ. ನಿಕ್ಸ್‌ಪ್ಯಾಕೇಜಸ್ ಭಂಡಾರದಲ್ಲಿ ಈಗ ಲಕ್ಷಕ್ಕೂ ಮೇಲೆ ಪ್ಯಾಕೇಜ್ ಇವೆ, ಹೆಚ್ಚಿನವು ಬಿಲ್ಡ್ ಆಗೇ ಕ್ಯಾಶ್ ಸರ್ವರಿಂದ ಬರತ್ತೆ, ಮನೇಲಿ ಕೂತು ಕಂಪೈಲ್ ಮಾಡೋ ಅಗತ್ಯ ಬೀಳೋದು ಕಮ್ಮಿ.

ಹಳೇದು ಹಂಗೇ ಉಳಿಯೋದರ ಬೆಲೆ ನನಗೆ ಒಂದು ರಾತ್ರಿ ಗೊತ್ತಾಯ್ತು. ಬೆಳಿಗ್ಗೆ ಕೆಲಸ ಒಪ್ಪಿಸಬೇಕಿತ್ತು, ಹನ್ನೊಂದೂವರೆಗೆ ಅಪ್‌ಡೇಟ್ ಮಾಡಿ ರೀಬೂಟ್ ಮಾಡಿದೆ, ಸ್ಕ್ರೀನ್ ಪೂರ್ತಿ ಕಪ್ಪು, ಗ್ರಾಫಿಕ್ಸ್ ಡ್ರೈವರ್ ಹೊಸ ಕರ್ನಲ್ (ಸಿಸ್ಟಮ್ಮಿನ ತಿರುಳು) ಜೊತೆ ಹೊಂದ್ಕೊಂಡಿರಲಿಲ್ಲ. ಎದೆ ಧಸಕ್ ಅಂತು. ಪವರ್ ಬಟನ್ ಒತ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಬೂಟ್ ಮೆನುವಿನಲ್ಲಿ ಹಿಂದಿನ ಜನರೇಶನ್‌ಗಳೆಲ್ಲ ಸಾಲಾಗಿ ನಿಂತಿದ್ವು, ಒಂದು ಕೆಳಗಿಳಿದು ಎಂಟರ್ ಒತ್ತಿದೆ, ಸಂಜೆ ಹೆಂಗಿತ್ತೋ ಹಂಗೇ ಡೆಸ್ಕ್‌ಟಾಪ್ ಬಂತು. ರಿಬಿಲ್ಡ್ ಮಾಡಿದಾಗಲೆಲ್ಲ ಒಂದು ಜನರೇಶನ್ ಹುಟ್ಟತ್ತೆ, ಕರ್ನಲ್ಲಿಂದ ಹಿಡಿದು ಎಲ್ಲಾ ಅದರಲ್ಲಿ ಸೇರಿರತ್ತೆ. ಆದ್ರೆ ನಿಮ್ಮ ಹೋಂ ಫೋಲ್ಡರಿನ ಫೈಲು, ಡೇಟಾಬೇಸ್ ಒಳಗಿನ ಡೇಟಾ ಹಿಂದಕ್ಕೆ ಹೋಗಲ್ಲ, ಅದಕ್ಕೆ ಬ್ಯಾಕಪ್ ಬೇರೆ ಇಟ್ಕೊಳ್ಳಲೇಬೇಕು.

ಜನರೇಶನ್ ಜಾಸ್ತಿ ಆದ್ರೆ ಇನ್ನೊಂದು ತೊಂದರೆ ಇದೆ, ನಾನು ಅನುಭವಿಸಿದ್ದು. ಬೂಟ್ ಮೆನು ತೋರಿಸೋ ಸಿಸ್ಟಮ್‌ಡಿ-ಬೂಟ್ ಬಳಸೋರಿಗೆ ಕರ್ನಲ್ಲೂ, ಬೂಟ್ ಆಗೋಕೆ ಬೇಕಾದ ಇನಿಟ್‌ಆರ್‌ಡಿ ಫೈಲೂ ಬೂಟ್ ಪಾರ್ಟಿಶನ್‌ಗೆ ಕಾಪಿ ಆಗತ್ತೆ, ಆ ಪಾರ್ಟಿಶನ್ ಚಿಕ್ಕದಾಗಿದ್ರೆ ಒಂದು ದಿನ ತುಂಬಿ ರಿಬಿಲ್ಡ್ ನಿಂತೋಗತ್ತೆ. ಹಳೇ ಜನರೇಶನ್ ಅಳಿಸೋಕೆ ನಾನು ನಿಕ್ಸ್-ಕಲೆಕ್ಟ್-ಗಾರ್ಬೇಜ್ ಡಿ ಅಂತ ಕೊಟ್ಟೆ, ಬೂಟಲ್ಲಿ ಒಂದು ಎಂಬಿ ಕೂಡ ಖಾಲಿ ಆಗಲಿಲ್ಲ. ಆಮೇಲೆ ತಿಳೀತು, ಸುಡೋ (ಅಡ್ಮಿನ್ ಅಧಿಕಾರ) ಇಲ್ದೆ ಓಡಿಸಿದ್ರೆ ನಮ್ಮ ಯೂಸರ್ ಪ್ರೊಫೈಲ್ ಮಾತ್ರ ಕ್ಲೀನ್ ಆಗೋದು, ಸಿಸ್ಟಂ ಜನರೇಶನ್ ಹೋಗ್ಬೇಕು ಅಂದ್ರೆ ಸುಡೋ ಬೇಕು, ಅದಾದ್ಮೇಲೆ ಇನ್ನೊಂದ್ಸಲ ರಿಬಿಲ್ಡ್ ಮಾಡಿದಾಗಲೇ ಬೂಟ್ ಪಾರ್ಟಿಶನ್ನಿನ ಹಳೇ ಎಂಟ್ರಿ ಅಳಿಯೋದು. ಈಗ ಬೂಟ್ ಮೆನುವಿನಲ್ಲಿ ಹತ್ತೇ ಜನರೇಶನ್ ಇರಲಿ ಅಂತ ಕಾನ್ಫಿಗರೇಶನ್ ಲಿಮಿಟ್ 10 ಬರೆದಿಟ್ಟಿದೀನಿ, ಅಕ್ಕನ ಮಷೀನಲ್ಲೂ ಅದೇ. ಇನ್‌ಸ್ಟಾಲ್ ಮಾಡುವಾಗಲೇ ಬೂಟಿಗೆ ಒಂದು ಜಿಬಿ ಕೊಟ್ಬಿಡಿ, ನೆಮ್ಮದಿ.

ಕನ್ನಡದ ಭಾಗ ನನ್ನ ಫೈಲಲ್ಲಿ ಹದಿನೈದಿಪ್ಪತ್ತು ಲೈನ್ ಇರಬಹುದು. ಫಾಂಟ್ಸ್ ಡಾಟ್ ಪ್ಯಾಕೇಜಸ್ ಪಟ್ಟಿಯಲ್ಲಿ ಗುಬ್ಬಿ, ನವಿಲು, ಲೋಹಿತ್, ನೋಟೋ. ಇನ್‌ಪುಟ್ ಮೆಥಡ್ ಐಬಸ್, ಅದಕ್ಕೆ ಎಂ17ಎನ್ ಇಂಜಿನ್, ಕಗಪ ಲೇಔಟ್ ಇದರಲ್ಲೇ ಇರೋದು, ನುಡಿಯಲ್ಲಿ ಕೈ ಪಳಗಿದೋರಿಗೆ ಹೊಸದಾಗಿ ಏನೂ ಕಲೀಬೇಕಿಲ್ಲ, ಅಕ್ಕನೂ ಹಂಗೇ. ಆದ್ರೆ ಇಂಜಿನ್ ಹಾಕಿದ ಮಾತ್ರಕ್ಕೆ ನೋಮ್ ಡೆಸ್ಕ್‌ಟಾಪಿನ ಮೇಲಿನ ಪಟ್ಟಿಯಲ್ಲಿ ಕನ್ನಡ ಬರಲ್ಲ, ಅದು ಪ್ರತಿ ಯೂಸರಿನ ಸೆಟ್ಟಿಂಗು. ಅದನ್ನೂ ಫೈಲಲ್ಲೇ ಬರೀಬೇಕು ಅಂತ ನೋಮ್ ಸೆಟ್ಟಿಂಗ್ ಇಡೋ ಡಿಕಾನ್ಫ್ ಪ್ರೊಫೈಲಿನ ಹಿಂದೆ ಎರಡು ಸಂಜೆ ಕೂತೆ, ಇನ್‌ಪುಟ್ ಸೋರ್ಸಸ್ ಅನ್ನೋದಕ್ಕೆ ಬರೀ ಸ್ಟ್ರಿಂಗ್ ಕೊಟ್ರೆ ಒಪ್ಪಲ್ಲ, ಜಿವೇರಿಯಂಟ್ ಟಪಲ್ (ಎರಡು ಮಾತಿನ ಜೋಡಿ) ಆಗಿ ಕೊಡಬೇಕು. ಆ ಎರಡು ಸಂಜೆ ಇಲ್ದಿದ್ರೆ ಅಕ್ಕನ ಮನೇಲಿ ಊಟ ಮಾಡಿ ಬರೋಷ್ಟರಲ್ಲಿ ಕನ್ನಡ ಬರ್ತಿರಲಿಲ್ಲ.

ಆಪ್ಷನ್‌ಗಳ ಹೆಸರು ಆಗಾಗ ಬದಲಾಗತ್ತೆ, ಅದಕ್ಕೆ ತಯಾರಿರಿ. ಹೊಸ ರಿಲೀಸ್ ವರ್ಷಕ್ಕೆ ಎರಡು ಸಲ, ಮೇ ಮತ್ತೆ ನವೆಂಬರ್. ಫಾಂಟ್ಸ್ ಡಾಟ್ ಫಾಂಟ್ಸ್ ಅಂತ ಇದ್ದಿದ್ದು 23.11ರಲ್ಲಿ ಫಾಂಟ್ಸ್ ಡಾಟ್ ಪ್ಯಾಕೇಜಸ್ ಆಯ್ತು, 24.11ರಲ್ಲಿ ಇನ್‌ಪುಟ್ ಮೆಥಡ್ ಬರೆಯೋ ರೀತಿ ಬದಲಾಯ್ತು. ರಿಬಿಲ್ಡ್ ಮಾಡುವಾಗ ವಾರ್ನಿಂಗಲ್ಲಿ ಹೊಸ ಹೆಸರು ಬರತ್ತೆ, ಓದಿ ತಿದ್ದಿದ್ರೆ ಮುಗೀತು. ಸ್ಟೇಟ್‌ವರ್ಷನ್ ಅನ್ನೋ ಲೈನನ್ನ ಮಾತ್ರ ಹೊಸ ರಿಲೀಸಿಗೆ ಹೋದಾಗ ಮುಟ್ಟಬೇಡಿ, ಅದು ಮೊದಲು ಹಾಕಿದ ವರ್ಷನ್ನೇ ಇರಲಿ.

ಹೊಸದಾಗಿ ಬರೋರು ಎಲ್ಲರೂ ಎಡವೋದು ಒಂದೇ ಕಡೆ. ವೆಬ್‌ಸೈಟಿಂದ ಯಾವುದೋ ಪ್ರೋಗ್ರಾಂ ಇಳಿಸ್ಕೊಂಡು ಓಡಿಸ್ತಾರೆ, ಓಡಲ್ಲ. ಬೇರೆ ಲಿನಕ್ಸಲ್ಲಿ ಲೈಬ್ರರಿ ಲೋಡರ್ ಇರೋ ಜಾಗದಲ್ಲಿ ಇಲ್ಲಿ ಅದು ಇರಲ್ಲ, ಅಷ್ಟೇ ಕಾರಣ. ನಿಕ್ಸ್-ಎಲ್‌ಡಿ ಎನೇಬಲ್ ಮಾಡಿ, ಬಹಳಷ್ಟು ಸರಿಹೋಗತ್ತೆ. ಒಂದೇ ಸಲಕ್ಕೆ ಬೇಕಾದ ಟೂಲ್ ಆದ್ರೆ ನಿಕ್ಸ್-ಶೆಲ್ ಪಿ ಅಂತ ಕೊಟ್ಟು ಹೆಸರು ಕೊಡಿ, ಕೆಲಸ ಮುಗಿದ್ಮೇಲೆ ಎಕ್ಸಿಟ್. ನಿಕ್ಸ್-ಎನ್ವಿ ಅನ್ನೋ ಕಮಾಂಡಲ್ಲಿ ಇನ್‌ಸ್ಟಾಲ್ ಮಾಡೋ ಅಭ್ಯಾಸ ದಯವಿಟ್ಟು ಬೇಡ, ಹಂಗೆ ಹಾಕಿದ್ದು ಯಾವ ಫೈಲಲ್ಲೂ ಇರಲ್ಲ, ಮತ್ತೆ ಹಳೇ ಕಥೆನೇ.

ಈಗ ನಮ್ಮಿಬ್ಬರ ಫೈಲೂ ಒಂದೇ ಗಿಟ್ ರೆಪೊದಲ್ಲಿ (ಫೈಲಿನ ಬದಲಾವಣೆಗಳನ್ನ ಉಳಿಸಿಡೋ ಜಾಗ) ಇದೆ, ಹಾರ್ಡ್‌ವೇರ್ ಭಾಗ ಬೇರೆ ಬೇರೆ, ಕನ್ನಡ ಡಾಟ್ ನಿಕ್ಸ್ ಅನ್ನೋದು ಇಬ್ಬರಿಗೂ ಒಂದೇ. ನಿನ್ನೆ ಅಕ್ಕ ಫೋನ್ ಮಾಡಿ ಸ್ಕೂಲಿನ ಪ್ರಿಂಟರ್ ಬರ್ತಿಲ್ಲ ಅಂದಳು, ಪ್ರಿಂಟಿಂಗ್ ಎನೇಬಲ್ ಟ್ರೂ ಅಂತ ಒಂದು ಲೈನ್, ಡ್ರೈವರಿಗೆ ಇನ್ನೊಂದು ಲೈನ್ ಸೇರಿಸಿ ಪುಶ್ ಮಾಡಿದೀನಿ. ಸಂಜೆ ಅವಳು ಸ್ಕೂಲಿಂದ ಬಂದ್ಮೇಲೆ ಪುಲ್ ಮಾಡಿ ರಿಬಿಲ್ಡ್ ಮಾಡೋದು ಹೆಂಗೆ ಅಂತ ಫೋನಲ್ಲೇ ಹೇಳಿಕೊಡ್ತೀನಿ.