ಡಬ್ಬಿ ಇಟ್ಟವರೇ ಸಿಕ್ಕರು

ಯಾರೋ ಅಡಗಿಸಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕುವ ಆಟ ಜಿಯೋಕ್ಯಾಶಿಂಗ್. ಅದರ ಶರತ್ಕಾಲದ ಸವಾಲಿಗೆಂದು ತಂಗಿಯೂ ನಾನೂ ಕಾಡುದಾರಿ ಹಿಡಿದೆವು. ಪ್ರತಿ ಡಬ್ಬಿಯ ಮುಚ್ಚಳದೊಳಗೆ ಒಂದು ಅಂಕಿ; ಎಲ್ಲ ಸೇರಿದರೆ ಕೊನೆಯ ಡಬ್ಬಿಯ ಅಕ್ಷಾಂಶ, ರೇಖಾಂಶ ಗೊತ್ತಾಗುತ್ತದೆ. ಮೊದಲಿನವೆಲ್ಲ ಸಲೀಸಾಗಿ ಸಿಕ್ಕವು. ಬೇಲಿಗೂಟಕ್ಕೆ ಆಯಸ್ಕಾಂತದಿಂದ ಅಂಟಿಕೊಂಡ, ಬೆರಳ ತುದಿಯಷ್ಟಿರುವ ನ್ಯಾನೋ ಡಬ್ಬಿಗಳು ನನಗೆ ಹಿಡಿಸುವುದಿಲ್ಲ. ಒಳಗೊಂದು ಪುಸ್ತಕ, ಅದರಲ್ಲಿ ಬಂದುಹೋದವರ ನಾಲ್ಕು ಸಾಲು ಇದ್ದರೇ ಹುಡುಕಿದ್ದಕ್ಕೆ ಸಮಾಧಾನ.

ಅಂಥದ್ದೊಂದು ಇಳಿಜಾರಿನ ಮೇಲಿತ್ತು. 5ರ ಅಳತೆಯಲ್ಲಿ ಹುಡುಕುವ ಕಷ್ಟ 2, ನಡೆಯುವ ಕಷ್ಟ 4. ದಟ್ಟ ಮರಗಳಡಿ ಜಿಪಿಎಸ್ ಬಾಣ ಅತ್ತಿತ್ತ ಹೊರಳುತ್ತಿತ್ತು. ಅಂಥ ಕಡೆ ಫೋನ್ ಜೇಬಿಗಿಳಿಸಿ, ಅಡಗಿಸಿದವರ ಕಣ್ಣಿನಿಂದ ಸುತ್ತ ನೋಡುವುದೇ ಸರಿ. ಬಿದ್ದ ಮರದ ಪೊಟರೆಯನ್ನು ತಂಗಿ ಕೋಲಿನಿಂದ ಕೆದಕಿದಳು. ಡಬ್ಬಿ ಸಿಕ್ಕಿತು, ಆದರೆ ಮುಚ್ಚಳವನ್ನು ಯಾವುದೋ ಪ್ರಾಣಿ ಕಡಿದು ಹಾಕಿತ್ತು. ಪುಸ್ತಕ ಒದ್ದೆಮುದ್ದೆ. ತಳದಲ್ಲಿ ಚಾಕೊಲೇಟಿನ ಹರಿದ ಕಾಗದ.

ಇವತ್ತಿಗೂ ಸಿಟ್ಟು ಬರುತ್ತದೆ. ದಯವಿಟ್ಟು ಡಬ್ಬಿಯಲ್ಲಿ ತಿಂಡಿ ಇಡಬೇಡಿ, ಪರಿಮಳದ ಸೋಪೂ ಬೇಡ. ಮುಚ್ಚಿದ ಪ್ಲಾಸ್ಟಿಕ್ಕಿನೊಳಗಿನ ವಾಸನೆಯೂ ಪ್ರಾಣಿಗಳ ಮೂಗಿಗೆ ತಿಳಿಯುತ್ತದೆ. ಡಬ್ಬಿಯಿಂದ ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯದನ್ನೋ ಹೆಚ್ಚಿನದನ್ನೋ ಇಡಬೇಕು. ಅದಕ್ಕೆ ಪುಟ್ಟ ಆಟಿಕೆ, ನಾಣ್ಯ ಸಾಕು.

"ಪುಸ್ತಕ ಒದ್ದೆಯಾಗಿದೆಯಾ?" ಎಂದು ಕೆಳಗಿನಿಂದ ದನಿ ಬಂತು. ವಯಸ್ಸಾದ ಹೆಂಗಸು, ಬೆನ್ನಿಗೆ ಚೀಲ, ಕೈಯಲ್ಲಿ ಊರುಗೋಲು. "ಅದು ನಾನಿಟ್ಟ ಡಬ್ಬಿ ಕಣಮ್ಮಾ. ಮೊನ್ನೆ ಬಂದವರು ತಿಳಿಸಿದ್ದರು."

ಹೊಸ ಡಬ್ಬಿ, ಜಿಪ್ ಕವರು, ಪುಸ್ತಕ, ಪೆನ್ಸಿಲ್ ಎಲ್ಲ ತಂದಿದ್ದರು. ಪೆನ್ನು ತೇವದ ಕಾಗದದ ಮೇಲೆ ಕೈಕೊಡುತ್ತದಂತೆ. ಡಬ್ಬಿ ಬದಲಿಸುತ್ತ ಈ ಆಟ ಶುರುವಾದ ಕಥೆ ಹೇಳಿದರು.

"ಮೊದಲೆಲ್ಲ ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ದೋಷ ಬೆರೆಸುತ್ತಿತ್ತು. 2000ದ ಮೇ ಮೊದಲಲ್ಲಿ ಅದನ್ನು ನಿಲ್ಲಿಸಿದರು, ಜಿಪಿಎಸ್ ಜಾಗವನ್ನ ಸರಿಯಾಗಿ ತೋರಿಸತೊಡಗಿತು. ಮೇ 3ಕ್ಕೇ ಡೇವ್ ಉಲ್ಮರ್ ಅನ್ನೋರು ಆರೆಗನ್ ಕಾಡಲ್ಲಿ ಮೊದಲ ಬಕೆಟ್ ಅಡಗಿಸಿದರು. ಅದರಲ್ಲೊಂದು ಬೀನ್ಸ್ ಡಬ್ಬಿನೂ ಇತ್ತು."

"ಹಾಗಾದರೆ ಅವರೂ ತಿಂಡಿ ಇಟ್ಟಿದ್ದರಲ್ಲ ಅಮ್ಮಾ!" ಎಂದಳು ತಂಗಿ.

"ಅದು ಮುಚ್ಚಿದ ತಗಡಿನ ಡಬ್ಬಿ. ಬಕೆಟ್ಟನ್ನ ಅರ್ಧ ಹೂತಿದ್ದರು ಕೂಡ. ಈಗ ಜಾಗದವರ ಅನುಮತಿ ಇಲ್ಲದೆ ನೆಲ ಅಗೆಯೋ ಹಾಗಿಲ್ಲ."

ಹಳೆಯ ಪುಸ್ತಕವನ್ನು ಅವರು ಎಸೆಯಲಿಲ್ಲ. ಮನೆಗೆ ಒಯ್ದು ಪುಟ ಪುಟ ಬಿಡಿಸಿ ಒಣಗಿಸುತ್ತಾರಂತೆ. "ಇಲ್ಲಿ ನೋಡಿ," ಎಂದು ಒಂದು ಪುಟದಲ್ಲಿ ಬೆರಳಿಟ್ಟರು. ಪುಟದ ತುಂಬ ಒಂದೇ ಹೆಸರು, ತಿರುಗುಮುರುಗಾದ ದಪ್ಪ ಅಕ್ಷರಗಳಲ್ಲಿ. ಮುಂದಿನ ಶರತ್ಕಾಲದ ಪುಟದಲ್ಲಿ ಅದೇ ಹೆಸರು ಸಾಲಿಗೆ ಬಂದಿತ್ತು. ಇನ್ನೂ ಮುಂದೆ, ಚೊಕ್ಕ ಅಕ್ಷರದಲ್ಲಿ ಒಂದು ವಾಕ್ಯ: 'ಈ ಸಲ ಅಪ್ಪನಿಗಿಂತ ಮೊದಲು ನಾನೇ ಕಂಡೆ.'

"ಈ ಮಗುನ ನಾನು ನೋಡೇ ಇಲ್ಲ," ಎಂದರು ಅವರು. ನನಗೆ ಗಂಟಲು ಕಟ್ಟಿತು.

ಕೊನೆಯ ಡಬ್ಬಿ ಸಂಜೆಗೆ ಸಿಕ್ಕಿತು. ಒಳ್ಳೆಯ ಜಾಗವೇ. ಆದರೆ ಮನಸ್ಸೆಲ್ಲ ಆ ಇಳಿಜಾರಿನಲ್ಲೇ ಇತ್ತು. ವಸಂತದಲ್ಲಿ ಇದೇ ದಾರಿಯ ಕಸ ಹೆಕ್ಕುವ ಕೂಟಕ್ಕೆ ಅವರು ನಮ್ಮನ್ನು ಕರೆದಿದ್ದಾರೆ. 2002ರಿಂದ ಜಿಯೋಕ್ಯಾಶಿಂಗ್ ಮಂದಿ ಹಲವು ದೇಶಗಳಲ್ಲಿ ನಡೆಸಿಕೊಂಡು ಬಂದ ಕೆಲಸ ಇದು. ಕೈಗವಸು ತಗೊಂಡು ಬನ್ನಿ, ಚೀಲ ನಾನು ತರ್ತೀನಿ ಅಂದಿದ್ದಾರೆ.