ಹೆಬ್ಬೆರಳು ನೋಡಿದ ಡಾಕ್ಟರು

ಅಡಿಕೆ ಕೊಯ್ಲಿನ ಹೊತ್ತಿಗೆ ನಮ್ಮ ಸಾಗರದ ಕಡೆ ಯಾರಿಗಾದರೂ ಜ್ವರ ಬಂದು ಮೂಗಲ್ಲಿ ರಕ್ತ ಬಂದರೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿದ್ದು, ಉಣುಗು ಕಚ್ಚಿ ಬರುವಂಥದ್ದು. ಅಕ್ಕನ ಮಗಳಿಗೆ ಪ್ಲೇಟ್‌ಲೆಟ್ ಕಡಿಮೆ ಅಂದಾಗ ಎಲ್ಲರೂ ಅದನ್ನೇ ಅಂದರು. ಟೆಸ್ಟ್ ನೆಗೆಟಿವ್ ಬಂತು. ಡೆಂಗಿಯೂ ಅಲ್ಲ. ಜ್ವರ ಬಿಟ್ಟಿತು, ಪ್ಲೇಟ್‌ಲೆಟ್ ಮಾತ್ರ ಏರಲೇ ಇಲ್ಲ. ಹಿಮೋಗ್ಲೋಬಿನ್ ಕೂಡ ಇಳಿಯತೊಡಗಿತು.

ಶಿವಮೊಗ್ಗದಲ್ಲಿ ರಕ್ತದ ಕಾಯಿಲೆ ನೋಡುವ ಡಾಕ್ಟರ ಹತ್ತಿರ ಹೋದ ದಿನ ಅಕ್ಕ, ಭಾವನ ಜೊತೆ ನಾನೂ ಇದ್ದೆ. ಅವರು ಫೈಲನ್ನು ಪಕ್ಕಕ್ಕಿಟ್ಟು, "ಎಲ್ಲಿ ಪುಟ್ಟಿ, ಕೈ ತೋರಿಸು" ಅಂದರು. ಅವಳ ಎಡಗೈ ಹೆಬ್ಬೆರಳು ಹುಟ್ಟಿದಾಗಿನಿಂದ ಸಣ್ಣ. ಬುಡದಲ್ಲಿ ಮಾಂಸವೇ ಇಲ್ಲ. ಅಂಗಿ ಗುಂಡಿ ಹಾಕಲು ತೋರುಬೆರಳು, ನಡುಬೆರಳನ್ನೇ ಬಳಸುತ್ತಾಳೆ. ಡಾಕ್ಟರು ಆ ಬೆರಳನ್ನು ಮೆತ್ತಗೆ ಮಡಚಿ, ಬಿಡಿಸಿ ನೋಡಿದರು. ಬೆನ್ನಿನ ಕಂದು ಮಚ್ಚೆಗಳನ್ನು ನೋಡಿದರು. ಎತ್ತರ ಅಳೆದರು. ಓರಗೆಯ ಮಕ್ಕಳಿಗಿಂತ ಅವಳು ತುಂಬಾ ಕುಳ್ಳಿ. ಆಮೇಲೆ ಅಕ್ಕನನ್ನು ಕೇಳಿದರು, "ಸಂಬಂಧದಲ್ಲೇ ಮದುವೆನಾ ಅಮ್ಮ?"

ಹೌದು. ಭಾವ ನಮ್ಮ ಸೋದರತ್ತೆಯ ಮಗ.

ರಕ್ತ ಬೆಂಗಳೂರಿಗೆ ಹೋಯಿತು. ಒಂದು ರಾಸಾಯನಿಕ ಸೇರಿಸಿ ಜೀವಕೋಶದ ಕ್ರೋಮೋಸೋಮ್ ಎಷ್ಟು ಮುರಿಯುತ್ತದೆ ಅಂತ ನೋಡುವ ಪರೀಕ್ಷೆ ಅದು. ಅವಳದ್ದು ಸಿಕ್ಕಾಪಟ್ಟೆ ಮುರಿದಿತ್ತು. ಫ್ಯಾಂಕೋನಿ ಅನೀಮಿಯಾ. 1927ರಲ್ಲಿ ಸ್ವಿಟ್ಜರ್‌ಲೆಂಡಿನ ಮಕ್ಕಳ ಡಾಕ್ಟರ್ ಗೀಡೋ ಫ್ಯಾಂಕೋನಿ ಮೂವರು ಅಣ್ಣತಮ್ಮಂದಿರಲ್ಲಿ ಗುರುತಿಸಿದ ಕಾಯಿಲೆ.

ರಿಪೋರ್ಟ್ ಕೊಟ್ಟ ದಿನ ಭಾವ ಕೇಳಿದ್ದು ಒಂದೇ ಪ್ರಶ್ನೆ. "ಕ್ಯಾನ್ಸರಾ ಸಾರ್?"

"ಈಗಲ್ಲ" ಅಂದರು ಡಾಕ್ಟರು. ಆಮೇಲೆ ನಿಧಾನವಾಗಿ ಹೇಳಿದರು. ನಮ್ಮೆಲ್ಲರ ಡಿಎನ್‌ಎಗೂ ದಿನಾ ಏಟು ಬೀಳುತ್ತದೆ, ದೇಹ ಅದನ್ನು ರಿಪೇರಿ ಮಾಡಿಕೊಳ್ಳುತ್ತದೆ. ಎರಡು ಎಳೆಗಳು ಒಂದಕ್ಕೊಂದು ಅಂಟಿಕೊಂಡರೆ ಬಿಡಿಸುವ ರಿಪೇರಿ ಈ ಮಕ್ಕಳಲ್ಲಿ ಸರಿಯಾಗಿ ಆಗುವುದಿಲ್ಲ. ಮೂಳೆ ಮಜ್ಜೆಯ ಜೀವಕೋಶಗಳು ಸಾಯುತ್ತಾ ಹೋಗುತ್ತವೆ, ರಕ್ತ ತಯಾರಾಗುವುದು ಕಮ್ಮಿಯಾಗುತ್ತದೆ. ಉಳಿದವುಗಳಲ್ಲಿ ಯಾವುದೋ ಒಂದು ದಾರಿ ತಪ್ಪಿ ಬೆಳೆಯತೊಡಗಿದರೆ ಅದೇ ರಕ್ತದ ಕ್ಯಾನ್ಸರ್. ಹೆಚ್ಚಾಗಿ ಎಎಂಎಲ್ ಅನ್ನುವ ಬಗೆ. ಎಲ್ಲರಿಗೂ ಬರುತ್ತದೆ ಅಂತಲ್ಲ, ಆದರೆ ಬೇರೆಯವರಿಗಿಂತ ಅಪಾಯ ತುಂಬಾ ಜಾಸ್ತಿ. ಅದಕ್ಕೇ ಆಗಾಗ ರಕ್ತ, ವರ್ಷಕ್ಕೊಮ್ಮೆ ಮಜ್ಜೆ ಪರೀಕ್ಷೆ.

ಅವರು ಹೇಳಿದ್ದರಲ್ಲಿ ನನಗೆ ನಿದ್ದೆ ಕೆಡಿಸಿದ್ದು ಮುಂದಿನ ಮಾತು. ಈ ಮಕ್ಕಳ ಮೈ ಕೀಮೋ, ರೇಡಿಯೇಷನ್ನಿನ ಮಾಮೂಲಿ ಡೋಸನ್ನು ತಡೆಯುವುದಿಲ್ಲ. ಫ್ಯಾಂಕೋನಿ ಇರುವುದೇ ಗೊತ್ತಿಲ್ಲದೆ, ಕ್ಯಾನ್ಸರ್ ಬಂದ ಮೇಲೆ ನೇರ ಪೂರ್ತಿ ಡೋಸ್ ಕೊಟ್ಟರೆ ಮದ್ದೇ ಜೀವ ತೆಗೆಯಬಹುದು. ಆ ಸಣ್ಣ ಹೆಬ್ಬೆರಳನ್ನು ಹುಟ್ಟಿದಾಗಿನಿಂದ ಎಷ್ಟು ಜನ ನೋಡಿದ್ದರು! ರಕ್ತಕ್ಕೂ ಅದಕ್ಕೂ ನಂಟಿದೆ ಅಂತ ಯೋಚಿಸಿದ್ದು ಈ ಒಬ್ಬರು. ಅವರಿಗೆ ಕೈ ಮುಗಿಯಬೇಕು.

ಮನೆಗೆ ಬಂದರೆ ಅತ್ತೆ ಜಗಲಿಯಲ್ಲೇ ಕಾಯುತ್ತಿದ್ದರು. ಎಲ್ಲ ಕೇಳಿ, "ನಮ್ಮ ಪೈಕಿಯಲ್ಲಿ ಇಂಥದ್ದು ಯಾರಿಗೂ ಇರಲಿಲ್ಲ" ಅಂದರು. ಅಕ್ಕ ಏನೂ ಮಾತಾಡದೆ ಒಳಗೆ ಹೋದಳು. ನನಗೆ ತಡೆಯಲಾಗಲಿಲ್ಲ. "ಅತ್ತೆ, ಅಕ್ಕನಿಂದ ಒಂದು ಕೆಟ್ಟ ಜೀನ್, ಭಾವನಿಂದ ಒಂದು, ಎರಡೂ ಸೇರಿದ್ದಕ್ಕೆ ಬಂದಿದ್ದು. ಇಬ್ಬರಿಗೂ ಅದು ಅಜ್ಜನಿಂದಲೋ ಅಜ್ಜಿಯಿಂದಲೋ ಬಂದಿರಬೇಕು. ನಿಮ್ಮ ಅಪ್ಪ ಅಮ್ಮನೇ ಅಲ್ವಾ ಅವರು?" ಅಂದೆ. ಒಂದೊಂದೇ ಇದ್ದವರು ಸಾಮಾನ್ಯವಾಗಿ ಆರಾಮಾಗಿಯೇ ಇರುತ್ತಾರೆ. ಗಂಡ ಹೆಂಡತಿ ಇಬ್ಬರಲ್ಲೂ ಇದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅತ್ತೆ ಕವಳದ ತಬಕು ಹತ್ತಿರಕ್ಕೆ ಎಳೆದುಕೊಂಡವರು ಹಾಗೇ ದೂಡಿಬಿಟ್ಟರು. ಬಾಯಿ, ಗಂಟಲ ಕ್ಯಾನ್ಸರಿನ ಭಯವೂ ಈ ಮಕ್ಕಳಿಗೆ ಜಾಸ್ತಿ, ತಂಬಾಕು ಅಡಿಕೆ ಎರಡೂ ಕೂಡದು ಅಂತ ಆಗಷ್ಟೇ ಹೇಳಿದ್ದೆ. ಅಡಿಕೆಯಿಂದಲೇ ಬದುಕುವ ಮನೆಯಲ್ಲಿ ಆ ಮಾತು ಹೇಳುವುದು ಸುಲಭ ಇರಲಿಲ್ಲ. ಈಗ ಮಕ್ಕಳ ಕೈಗೆ ಸಿಹಿ ಅಡಿಕೆ ಪುಡಿಯನ್ನೂ ಯಾರೂ ಕೊಡುವುದಿಲ್ಲ.

ರಕ್ತದ ತೊಂದರೆಗೆ ಪರಿಹಾರ ಮಜ್ಜೆ ಕಸಿ. ಹೊಕ್ಕುಳಬಳ್ಳಿಯ ರಕ್ತದಿಂದ ಪ್ರಪಂಚದಲ್ಲೇ ಮೊದಲು ಕಸಿ ಮಾಡಿದ್ದು ಫ್ಯಾಂಕೋನಿ ಇದ್ದ ಹುಡುಗನಿಗೇ. 1988ರಲ್ಲಿ, ಪ್ಯಾರಿಸ್‌ನಲ್ಲಿ, ಡಾಕ್ಟರ್ ಎಲಿಯಾನ್ ಗ್ಲುಕ್‌ಮನ್ ಮಾಡಿದ್ದು. ರಕ್ತ ಅವನ ಪುಟ್ಟ ತಂಗಿಯದು. ಇದನ್ನು ಓದಿ ಹೇಳಿದಾಗ ಅಕ್ಕ ಎಷ್ಟೋ ದಿನದ ಮೇಲೆ ಸರಿಯಾಗಿ ಊಟ ಮಾಡಿದಳು.

ಪುಟ್ಟಿಯ ತಮ್ಮನಿಗೂ ಅದೇ ಮುರಿತದ ಪರೀಕ್ಷೆ ಆಯಿತು. ನೋಡಲು ಗಟ್ಟಿಮುಟ್ಟಾಗಿದ್ದರೂ ಕಾಯಿಲೆ ಇರಬಹುದು, ಹಾಗಿದ್ದರೆ ಅವನ ಮಜ್ಜೆ ತೆಗೆದುಕೊಳ್ಳುವಂತಿಲ್ಲ. ಅವನಿಗೆ ಇಲ್ಲ. ಮಜ್ಜೆ ಹೊಂದುತ್ತದಾ ಅನ್ನುವ ರಿಪೋರ್ಟ್ ಬರಬೇಕು. ಸಂಬಂಧದಲ್ಲೇ ಮದುವೆಯಾದ ಮನೆಗಳಲ್ಲಿ ದೂರದ ನೆಂಟರದ್ದೂ ಹೊಂದುವುದುಂಟಂತೆ. ಅತ್ತೆ ಈಗ ಹೊಸನಗರ, ತೀರ್ಥಹಳ್ಳಿಯ ನೆಂಟರಿಗೆಲ್ಲ ತಾವೇ ಫೋನ್ ಮಾಡಿ, ರಕ್ತ ಪರೀಕ್ಷೆಗೆ ಬನ್ನಿ ಅಂತ ಕರೆಯುತ್ತಿದ್ದಾರೆ.